ಪಾಟೀಲ, ಪಾಟೀಲ್, ಪಾಟಿಲ: ಒಂದೇ ಹೆಸರಿನ ಹಲವು ಬರಹಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದು ಹೇಗೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತ. ಕೈಬರಹದ ಹಳೆಯ ಲೆಡ್ಜರ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು, ಇಂಗ್ಲಿಷಿನಲ್ಲಿದ್ದ ಇನ್ನೊಂದು ಪಟ್ಟಿ, ಈ ಮೂರನ್ನೂ ಸೇರಿಸಿ ಸುಮಾರು 5,000 ಸಾಲುಗಳ ಒಂದೇ ಪಟ್ಟಿ ಮಾಡಿದ್ದೇವೆ. ಹೆಸರು, ಊರು, ಬೆಳೆ ಎಂದು ಕಾಲಂಗಳಿವೆ. ಒಬ್ಬರೇ ಸದಸ್ಯರು ಎರಡು ಮೂರು ಕಡೆ ಬೇರೆ ಬೇರೆ ಬರಹದಲ್ಲಿ ಬಂದಿದ್ದಾರೆ. ಸೌಂಡೆಕ್ಸ್, ಲೆವೆನ್‌ಸ್ಟೈನ್, ಎನ್-ಗ್ರಾಂ ಎಂದೆಲ್ಲ ಓದಿದೆ. ಇವುಗಳಲ್ಲಿ ಯಾವುದು ಒಳ್ಳೆಯದು? ಎಐಗೆ ಕೊಟ್ಟರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ.

ಉತ್ತರ: ಎಲ್ಲ ಕಾಲಂಗೂ ಒಂದೇ ವಿಧಾನ ಹಾಕಿದರೆ ನಿಮ್ಮ ಪಟ್ಟಿ ಸರಿಯಾಗುವುದಿಲ್ಲ, ಇನ್ನೂ ಕೆಡುತ್ತದೆ. ಒಂದೇ ಪದವನ್ನು ಜನ ಯಾಕೆ ಎರಡು ತರ ಬರೆದರು ಎಂದು ಮೊದಲು ಕೇಳಿಕೊಳ್ಳಿ. ಆ ಕಾರಣ ಗೊತ್ತಾದರೆ ಯಾವ ವಿಧಾನ ಬೇಕು ಎಂಬುದೂ ಗೊತ್ತಾಗುತ್ತದೆ. ಕಿವಿಯಿಂದ ಬಂದ ವ್ಯತ್ಯಾಸ ಬೇರೆ, ಬೆರಳಿನಿಂದ ಬಂದದ್ದು ಬೇರೆ, ಲಿಪಿ ಬದಲಾಗುವಾಗ ಬಂದದ್ದು ಬೇರೆ. ಊರಿನ ಮಾತೇ ಬೇರೆ ಇದ್ದರೆ ಅದು ತಪ್ಪೇ ಅಲ್ಲ.

ನಮ್ಮ ಭಾಗದ ದಾಖಲೆಗಳಲ್ಲಿ ಈ ನಾಲ್ಕೂ ಕಲೆತಿವೆ. ಬೆಳಗಾವಿ, ವಿಜಯಪುರ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತದಲ್ಲಿದ್ದವು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವ ತನಕ ವಿಜಯಪುರದ್ದೇ ಭಾಗ. ಜಮಖಂಡಿ, ಮುಧೋಳ 1948ರವರೆಗೆ ಸಂಸ್ಥಾನಗಳು, ಅಲ್ಲಿ ಮರಾಠಿ ಬರಹ ಜಾಸ್ತಿ ಇತ್ತು. ಮರಾಠಿಗೆ ಆ ಕಾಲದಲ್ಲಿ ಬಳಸುತ್ತಿದ್ದ ಮೋಡಿ ಎಂಬ ಕೂಡುಬರಹದಲ್ಲಿ ಇ-ಈ, ಉ-ಊ ಭೇದ ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಮರಾಠಿಯವರು ಊರಿನ ಕೊನೆಯ 'ಪುರ'ವನ್ನು 'ಪೂರ' ಎಂದು ದೀರ್ಘವಾಗಿ ಬರೆಯುತ್ತಾರೆ. ಹೀಗಾಗಿ ಇಂದಿಗೂ ಖಾನಾಪುರ-ಖಾನಾಪೂರ, ವಿಜಾಪುರ-ವಿಜಾಪೂರ ಎರಡೂ ಸಿಗುತ್ತವೆ. ಇಂಗ್ಲಿಷಿಗೆ ಹೋಗಿ ಮರಳಿ ಬಂದ ಹೆಸರುಗಳ ಕಥೆಯೇ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಟ-ತ, ಡ-ದ, ಣ-ನ, ಳ-ಲ ಒಂದೇ. ಮುಧೋಳ ಅಲ್ಲಿಂದ ಮುಢೋಲ್ ಆಗಿ ಬರಬಹುದು, ಅಥಣಿ ಅತಾನಿ ಆಗಬಹುದು, ಬಾದಾಮಿ ಬಡಾಮಿ ಆಗಬಹುದು. ಇನ್ನು ನಮ್ಮ ಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ ಅಲ್ವಾ? ಮನೆ ಮನಿ ಆಗುತ್ತದೆ, ಶಾಲೆ ಸಾಲಿ ಆಗುತ್ತದೆ. ಅದೇ ರೀತಿ ತಾಳಿಕೋಟೆ ತಾಳಿಕೋಟಿ, ಬಾಗಲಕೋಟೆ ಬಾಗಲಕೋಟಿ. ಸದಸ್ಯರು ಹೇಳಿದಂತೆ ಬರೆದುಕೊಂಡ ಗುಮಾಸ್ತರದು ಇದರಲ್ಲಿ ಏನೂ ತಪ್ಪಿಲ್ಲ.

ಆದ್ದರಿಂದ ಪ್ರತಿ ಸಾಲಿನ ಮುಂದೆ ಅದು ಯಾವ ಮೂಲದಿಂದ ಬಂತು ಎಂದು ಒಂದು ಕಾಲಂ ಇಡಿ: ಲೆಡ್ಜರ್, ನುಡಿ, ಇಂಗ್ಲಿಷ್. ಮುಂದೆ ಇದರಿಂದಲೇ ಅರ್ಧ ಕೆಲಸ ಹಗುರಾಗುತ್ತದೆ.

ಹೋಲಿಸುವ ಮೊದಲು ತೊಳೆಯುವ ಕೆಲಸ ಇದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಆಗಿರಬಹುದು. ನಾನು ಮೊದಲು ನೋಡುವುದು ಸೊನ್ನೆಯನ್ನು. 'ಸಂಗಪ್ಪ' ಎಂದು ಟೈಪ್ ಮಾಡುವಾಗ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಹಾಕಿದವರು ಬಹಳ ಜನ. ಸ೦ಗಪ್ಪ, ಸಂಗಪ್ಪ. ಇವೆರಡೂ ಒಂದೇ ತರ ಕಾಣುತ್ತವೆ, ಆದರೆ ಮೊದಲನೆಯದರಲ್ಲಿ ಇರುವುದು ಅಂಕಿ. ನೋಡಬೇಕಾದ ಎರಡನೆಯ ವಿಷಯ ದೀರ್ಘ. ಪ್ರತಿ ಅಕ್ಷರಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ 'ಟೀ' ಎಂಬುದನ್ನು ಗುಡಿಸಿನ ದೀರ್ಘ ಎಂಬ ಒಂದೇ ಚಿಹ್ನೆಯಾಗಿಯೂ ಇಡಬಹುದು, ಗುಡಿಸು ಬೇರೆ ದೀರ್ಘ ಬೇರೆ ಎಂದು ಎರಡು ಚಿಹ್ನೆಯಾಗಿಯೂ ಇಡಬಹುದು. ಏತ್ವ, ಐತ್ವ, ಒತ್ವ, ಓತ್ವಗಳಿಗೂ ಹೀಗೆಯೇ. ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಅದು ಒಂದು ಸಾಲಿನ ಕೆಲಸ. ಮೂರನೆಯದು ಕಣ್ಣಿಗೆ ಕಾಣದ ಅಕ್ಷರಗಳು. ರಾಜ್‌ಕುಮಾರ ಎಂದು ಒತ್ತಕ್ಷರವಾಗದಂತೆ ಬರೆಯಲು, ರ‍್ಯಾಲಿ ಎಂದು ಬರೆಯಲು ನಾವು ಅಗಲವಿಲ್ಲದ ಜೋಡಕ, ಬೇರ್ಪಡಕಗಳನ್ನು (ZWJ, ZWNJ) ಒತ್ತುತ್ತೇವೆ. ಅವು ಪದದ ಕೊನೆಯಲ್ಲೂ ಸುಮ್ನೆ ಉಳಿದುಬಿಡುತ್ತವೆ. ಹೋಲಿಕೆಗಾಗಿ ಮಾಡಿದ ಪ್ರತಿಯಲ್ಲಿ ಅವನ್ನೆಲ್ಲ ತೆಗೆದುಹಾಕಿ.

ನುಡಿಯ ಹಳೆಯ ಫಾಂಟಿನ ಫೈಲನ್ನು ಯುನಿಕೋಡಿಗೆ ತಂದಿದ್ದರೆ ಅರ್ಕಾವತ್ತನ್ನೂ ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತದೆ, ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತನೆ ಸರಿಯಾಗಿಲ್ಲದಿದ್ದರೆ ಕುಲಕರ್ಣಿ, ಮಲ್ಲಿಕಾರ್ಜುನ, ರಾಮದುರ್ಗ ಇಂಥವೇ ಮೊದಲು ಕೆಡುತ್ತವೆ. ಈ ತೊಳೆಯುವ ಕೆಲಸದಲ್ಲೇ ಸುಳ್ಳು ವ್ಯತ್ಯಾಸಗಳು ಒಂದಷ್ಟು ಕರಗಿಹೋಗುತ್ತವೆ. ಇದನ್ನು ಬಿಟ್ಟು ನೇರವಾಗಿ ದೊಡ್ಡ ವಿಧಾನಗಳಿಗೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಲೆವೆನ್‌ಸ್ಟೈನ್. ರಷ್ಯಾದ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ ಇದು. ಒಂದು ಪದವನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ಸಲ ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುತ್ತದೆ. ಕನ್ನಡದಲ್ಲಿ ಇಲ್ಲಿ 'ಅಕ್ಷರ' ಎಂದರೆ ನಾವು ಶಾಲೆಯಲ್ಲಿ ಕಲಿತ ಅಕ್ಷರವಲ್ಲ. ಪಾಟೀಲ್ ನಮಗೆ ಮೂರಕ್ಷರದ ಹಾಗೆ ಕಂಡರೂ ಕಂಪ್ಯೂಟರಿಗೆ ಆರು ತುಂಡು: ಪ, ಇಳಿ, ಟ, ಗುಡಿಸಿನ ದೀರ್ಘ, ಲ, ಕೊನೆಯ ಅರ್ಧಾಕ್ಷರದ ಚಿಹ್ನೆ. ಈ ತುಂಡುಗಳ ಮೇಲೆ ಎಣಿಸಿದರೆ ಪಾಟೀಲ-ಪಾಟೀಲ್ ಅಂತರ 1, ಪಾಟೀಲ-ಪಾಟಿಲ ಅಂತರವೂ 1. ಚೆನ್ನಾಗಿದೆ ಅನ್ನಿಸುತ್ತದೆ.

ಆದರೆ ಊರಿನ ಕಾಲಂಗೆ ಬನ್ನಿ. ಬಿಜಾಪುರ ಮತ್ತು ವಿಜಯಪುರ, ಎರಡರಲ್ಲೂ ಏಳೇಳು ತುಂಡು. ಬ ಹೋಗಿ ವ ಆಗಬೇಕು, ಇಳಿ ಹೋಗಿ ಯ ಆಗಬೇಕು. ಅಂತರ 2. ಈಗ ವಿಜಯಪುರ ಮತ್ತು ವಿಜಯನಗರ ಇಡಿ. ಪ ಹೋಗಿ ನ, ಕೊಂಬು ಹೋಗಿ ಗ. ಅಂತರ ಮತ್ತೆ 2! ಒಂದೇ ಊರಿನ ಎರಡು ಹೆಸರಿಗೂ, ಬೇರೆಯದೇ ಆದ ಜಿಲ್ಲೆಗೂ ಒಂದೇ ಅಂಕಿ. ಹೆಸರುಗಳಲ್ಲೂ ಇದೇ ಕಥೆ. ಭೀಮಪ್ಪ ಎಂಬುದನ್ನು ಬಿಮಪ್ಪ ಎಂದು ಬರೆದರೆ ಅಂತರ 2. ಭೀಮಪ್ಪ-ಭೀಮಣ್ಣ ಅಂತರವೂ 2. ಬಸಪ್ಪ-ಬಸವ್ವ ಅಂತರವೂ 2. ಅಲ್ಲಿ ಗಂಡಸು ಹೋಗಿ ಹೆಂಗಸು ಬಂದಾಯಿತು. ಉಮಾ-ಉಷಾ ಅಂತರ ಬರೀ 1. ಮಲ್ಲಿಕಾರ್ಜುನ-ಮಲಿಕಾರ್ಜುನ್ ಎಂಬ ಒಂದೇ ಹೆಸರಿಗೆ ಮಾತ್ರ 3.

ಕೊನೆಯ ಎರಡಕ್ಕೆ ಸುಲಭ ಪರಿಹಾರ ಇದೆ. ಅಂತರವನ್ನು ಉದ್ದವಾದ ಪದದ ತುಂಡುಗಳ ಸಂಖ್ಯೆಯಿಂದ ಭಾಗಿಸಿ. ಮಲ್ಲಿಕಾರ್ಜುನಕ್ಕೆ 12ರಲ್ಲಿ 3, ಅಂದರೆ 0.25. ಉಮಾ-ಉಷಾಕ್ಕೆ 3ರಲ್ಲಿ 1, ಅಂದರೆ 0.33. ಈಗ ಕ್ರಮ ಸರಿಯಾಯಿತು. ಭೀಮಪ್ಪ-ಭೀಮಣ್ಣ ಸಮಸ್ಯೆ ಮಾತ್ರ ಭಾಗಾಕಾರದಿಂದ ಹೋಗುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ನೀವು ಬಳಸುವ ಪ್ರೋಗ್ರಾಂ ತುಂಡುಗಳನ್ನು ಎಣಿಸುತ್ತದೋ ಬೈಟುಗಳನ್ನು ಎಣಿಸುತ್ತದೋ ಎಂಬುದನ್ನೂ ನೋಡಿಕೊಳ್ಳಬೇಕು. ಬೈಟು ಎಂದರೆ ಕಂಪ್ಯೂಟರ್ ಮಾಹಿತಿ ಇಡುವ ಚಿಕ್ಕ ಘಟಕ. ಯುನಿಕೋಡ್ ಬರಹವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ತುಂಡಿಗೆ 3 ಬೈಟು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿದ್ಧವಾಗಿ ಸಿಗುವ ಲೆವೆನ್‌ಸ್ಟೈನ್ ಬೈಟುಗಳನ್ನು ಎಣಿಸುತ್ತದೆ. ಅದರಲ್ಲಿ ಪಾಟೀಲ-ಪಾಟೀಲ್ ಅಂತರ 1 ಅಲ್ಲ, 3 ಬರುತ್ತದೆ. ಪಾಟೀಲ, ಪಾಟೀಲ್ ಎರಡನ್ನು ಕೊಟ್ಟು ನೋಡಿ. 1 ಬಂದರೆ ಮುಂದುವರಿಯಿರಿ.

ಲೆವೆನ್‌ಸ್ಟೈನ್‌ಗಿಂತ ಒಂದು ವರ್ಷ ಮೊದಲು, 1964ರಲ್ಲಿ, ಫ್ರೆಡ್ರಿಕ್ ಡ್ಯಾಮೆರಾ ಇಂಗ್ಲಿಷ್ ಕಾಗುಣಿತದ ತಪ್ಪುಗಳಲ್ಲಿ ಶೇ. 80ರಷ್ಟು ಒಂದೇ ಅಕ್ಷರದ ಬಿಡುವಿಕೆ, ಸೇರಿಕೆ, ಬದಲಾವಣೆ ಅಥವಾ ಪಕ್ಕದ ಅಕ್ಷರಗಳ ಅದಲುಬದಲು ಎಂದು ತೋರಿಸಿದ್ದರು. ಅವರ ಅಳತೆಯಲ್ಲಿ ಅದಲುಬದಲಿಗೂ 1 ಅಂಕ. ಟೈಪ್ ಮಾಡುವಾಗ ಬೆರಳು ಹಿಂದುಮುಂದಾಗುವ ಇಂಗ್ಲಿಷಿಗೆ ಇದು ಚಂದ. ನಮ್ಮಲ್ಲಿ ರಾಮ ಮತ್ತು ರಮಾ ನೋಡಿ. ಇಳಿ ಒಂದು ತುಂಡು ಆಚೆ ಹೋಯಿತು, ಅಷ್ಟೇ. ಈ ಅಳತೆಗೆ ಇಬ್ಬರೂ ಹತ್ತಿರ. ಕನ್ನಡ ಹೆಸರಿನ ಕಾಲಂಗೆ ನಾನು ಇದನ್ನು ಹಾಕುವುದಿಲ್ಲ.

ಸೌಂಡೆಕ್ಸ್ ಇನ್ನೂ ಹಳೆಯದು. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ಗುಂಪಿನ ವ್ಯಂಜನಗಳಿಗೆ ಒಂದೇ ಅಂಕಿ ಕೊಟ್ಟು, ಒಟ್ಟು ಮೂರು ಅಂಕಿಗೆ ನಿಲ್ಲಿಸುತ್ತದೆ. ಅಂತರ ಎಣಿಸುವ ಗೊಡವೆ ಇಲ್ಲ, ಕೋಡ್ ಒಂದೇ ಆದರೆ ಹೆಸರು ಒಂದೇ ಇರಬಹುದು ಎಂದು ಲೆಕ್ಕ. ನಿಮ್ಮ ಇಂಗ್ಲಿಷ್ ಪಟ್ಟಿಯ ಮೇಲೆ ಹಾಕಿದರೆ ಬಿರಾದಾರ ಹೆಸರನ್ನು ದ-ಕಾರದ ಮುಂದೆ ಎಚ್ ಹಾಕಿ ಬರೆದರೂ ಹಾಕದೆ ಬರೆದರೂ ಬಿ 636 ಎಂದೇ ಬರುತ್ತದೆ. ಹಿರೇಮಠಕ್ಕೂ ಹಾಗೆಯೇ, ಎಚ್ 653. ಬಿಜಾಪುರ ಬಿ 216, ವಿಜಯಪುರ ವಿ 216. ಅಂಕಿಗಳು ಕೂಡುತ್ತವೆ, ಮೊದಲ ಅಕ್ಷರ ಮಾತ್ರ ಅಡ್ಡ ಬರುತ್ತದೆ. ಬ-ವ ಅದಲುಬದಲಾಗುವ ನಮ್ಮ ಕಡೆ ಮೊದಲ ಅಕ್ಷರದ ಮೇಲೆ ಇಷ್ಟು ನಂಬಿಕೆ ಇಡುವುದು ಸರಿಯಲ್ಲ.

ಇನ್ನೊಂದು ಕಡೆ ಅದು ಬೇಡದವರನ್ನೂ ಒಂದು ಮಾಡುತ್ತದೆ. ಪಾಟೀಲ, ಪಟೇಲ ಎರಡಕ್ಕೂ ಪಿ 340. ಕುಲಕರ್ಣಿ ಮತ್ತು ಕುಳಗೇರಿ ಎರಡಕ್ಕೂ ಕೆ 426. ಮೂರು ಅಂಕಿಗೆ ನಿಲ್ಲಿಸುವುದರಿಂದ ನಮ್ಮ ಉದ್ದ ಹೆಸರುಗಳ ಬಾಲ ಕತ್ತರಿಸಿಹೋಗುತ್ತದೆ. ಕನ್ನಡ ಅಕ್ಷರದ ಕಾಲಂಗೆ ಡೇಟಾಬೇಸಿನ ಸೌಂಡೆಕ್ಸ್ ಅಂತೂ ಉಪಯೋಗವಿಲ್ಲ, ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ ಮಾತ್ರ. ಭಾರತೀಯ ಲಿಪಿಗಳಿಗಾಗಿ ಸಂತೋಷ್ ತೋಟಿಂಗಲ್ ಅವರು ಸಿಲ್ಪಾ ಎಂಬ ಭಾರತೀಯ ಭಾಷೆಗಳ ತಂತ್ರಾಂಶ ಯೋಜನೆಯಲ್ಲಿ ಬೇರೆ ಸೌಂಡೆಕ್ಸ್ ಮಾಡಿದ್ದಾರೆ, ಅದರಲ್ಲಿ ಕನ್ನಡವೂ ಇದೆ.

ಸೌಂಡೆಕ್ಸಿನ ಹಿಂದಿನ ಯೋಚನೆ ಮಾತ್ರ ಬಹಳ ಒಳ್ಳೆಯದು. ಪ್ರತಿ ಹೆಸರಿಗೂ ಒಂದು ಕೀಲಿ ಮಾಡಿ, ಕೀಲಿ ಕೂಡಿದವರನ್ನು ಒಂದೆಡೆ ತರುವುದು. ಆ ಕೀಲಿಯನ್ನು ನಾವೇ ನಮ್ಮ ಮಾತಿಗೆ ತಕ್ಕಂತೆ ಮಾಡಿಕೊಳ್ಳಬಹುದು. ದೀರ್ಘ ಸ್ವರಗಳನ್ನು ಹ್ರಸ್ವ ಮಾಡಿ. ಮಹಾಪ್ರಾಣಗಳನ್ನು ಅಲ್ಪಪ್ರಾಣ ಮಾಡಿ. ಶ, ಷ ಎರಡನ್ನೂ ಸ ಮಾಡಿ. ಳ-ಲ, ಣ-ನ ಒಂದು ಮಾಡಿ. ಅರ್ಧಾಕ್ಷರದ ಚಿಹ್ನೆ ತೆಗೆದುಹಾಕಿ, ಆಗ ಜೋಡಿ ಬಿದ್ದ ಅಕ್ಷರವನ್ನು ಒಂದೇ ಉಳಿಸಿ. ಕೊನೆಯ ಎಕಾರವನ್ನು ಇಕಾರ ಮಾಡಿ. ಐಕಾರಕ್ಕೆ 'ಯಿ', ಔಕಾರಕ್ಕೆ 'ವ' ಹಾಕಿ. ಇಷ್ಟು ಮಾಡಿದರೆ ಪಾಟೀಲ, ಪಾಟೀಲ್, ಪಾಟಿಲ ಮೂರೂ 'ಪಟಿಲ' ಆಗುತ್ತವೆ. ಕುಲಕರ್ಣಿ-ಕುಲ್ಕರ್ಣಿ ಎರಡೂ 'ಕುಲಕರನಿ'. ದೇಸಾಯಿ-ದೇಸೈ 'ದೆಸಯಿ'. ಸವದತ್ತಿ-ಸೌದತ್ತಿ 'ಸವದತಿ'. ತಾಳಿಕೋಟೆ-ತಾಳಿಕೋಟಿ 'ತಲಿಕೊಟಿ'. ಲೆವೆನ್‌ಸ್ಟೈನ್ 3 ಎಂದು ದೂರ ಇಟ್ಟ ಮಲ್ಲಿಕಾರ್ಜುನ-ಮಲಿಕಾರ್ಜುನ್ ಇಲ್ಲಿ ಒಂದೇ ಕೀಲಿಗೆ ಬಂದುಬಿಡುತ್ತವೆ. ಭೀಮಪ್ಪ-ಬಿಮಪ್ಪ ಕೂಡುತ್ತವೆ, ಭೀಮಣ್ಣ ಬೇರೆಯೇ ಉಳಿಯುತ್ತದೆ. ಬಸಪ್ಪ-ಬಸವ್ವ ಕೂಡುವುದಿಲ್ಲ. ನಮಗೆ ಬೇಕಾದದ್ದು ಇದೇ.

ಈ ಕೀಲಿ ದೊಡ್ಡ ಕಣ್ಣಿನ ಜರಡಿ, ಬೇಡದ್ದೂ ಇಳಿಯುತ್ತದೆ. ಮಲ್ಲಪ್ಪ ಮತ್ತು ಮಾಳಪ್ಪ ಎರಡಕ್ಕೂ 'ಮಲಪ' ಎಂದೇ ಕೀಲಿ ಬರುತ್ತದೆ. ಮಲ್ಲಪ್ಪ ಮಲ್ಲಯ್ಯನ ಹೆಸರು, ಮಾಳಪ್ಪ ಸಾಮಾನ್ಯವಾಗಿ ಮಾಳಿಂಗರಾಯನ ಒಕ್ಕಲಿನವರ ಮನೆಯ ಹೆಸರು. ಊರಿನಲ್ಲಿ ಯಾರೂ ಇವೆರಡನ್ನು ಒಂದು ಎನ್ನುವುದಿಲ್ಲ. ಕೀಲಿಯಿಂದ ಒಂದೇ ಇರಬಹುದಾದ ಜೋಡಿಗಳನ್ನು ಮಾತ್ರ ಆರಿಸಿ, ತೀರ್ಮಾನವನ್ನು ಇನ್ನೊಂದು ಅಳತೆಗೆ ಬಿಡಿ ಎಂದು ಹೇಳುವುದು ಇದಕ್ಕೇ.

ಆ ಇನ್ನೊಂದು ಅಳತೆ ತೂಕ ಕಟ್ಟಿದ ಲೆವೆನ್‌ಸ್ಟೈನ್. ಎಲ್ಲ ಬದಲಾವಣೆಗೂ 1 ಎಂದು ಎಣಿಸುವ ಬದಲು, ಆಗಾಗ ಆಗುವ ಬದಲಾವಣೆಗೆ ಕಡಿಮೆ ಬೆಲೆ ಇಡುವುದು. ಗುಡಿಸು-ದೀರ್ಘ 0.1, ಬ-ಭ 0.2, ಕೊನೆಯ ಅರ್ಧಾಕ್ಷರ 0.1. ಪ ಹೋಗಿ ಣ ಆದರೆ ಪೂರ್ತಿ 1. ಆಗ ಭೀಮಪ್ಪ-ಬಿಮಪ್ಪ 0.3ಕ್ಕೆ ಇಳಿಯುತ್ತದೆ, ಭೀಮಪ್ಪ-ಭೀಮಣ್ಣ 2ರಲ್ಲೇ ನಿಲ್ಲುತ್ತದೆ. ಮೊದಲು ಸಮನಾಗಿದ್ದ ಎರಡು ಜೋಡಿ ಈಗ ಎಷ್ಟು ದೂರ ಹೋದವು ನೋಡಿ. ಈ ಬೆಲೆಗಳು ನಾನು ಶುರುವಿಗೆ ಇಡುವಂಥವು. ನಿಮ್ಮ ಪಟ್ಟಿ ನೋಡುತ್ತಾ ಅವನ್ನು ತಿದ್ದಿಕೊಳ್ಳಬೇಕು.

ಸಾಲಿನ ಮೂಲ ಯಾವುದು ಎಂದು ಕಾಲಂ ಇಡಿ ಎಂದದ್ದು ಈ ಕಾರಣಕ್ಕೇ. ಒಂದು ಸಾಲು ಇಂಗ್ಲಿಷ್ ಪಟ್ಟಿಯಿಂದ ಬಂದಿದ್ದರೆ ಳ-ಲ, ಟ-ತ, ಡ-ದ ಬದಲಾವಣೆ ಅಗ್ಗ, 0.2 ಸಾಕು. ಎರಡೂ ಸಾಲು ಕೈಬರಹದ ಲೆಡ್ಜರಿನವಾದರೆ ಳ-ಲ ಬದಲಾವಣೆಗೆ ಪೂರ್ತಿ ಬೆಲೆ ಹಾಕಿ. ನಮ್ಮ ಕಡೆಯ ಗುಮಾಸ್ತರು ಮಾಳಪ್ಪನನ್ನು ಮಲ್ಲಪ್ಪ ಎಂದು ಬರೆಯುವುದಿಲ್ಲ. ಕೈಬರಹ ನೋಡಿ ಟೈಪ್ ಮಾಡಿದ ಸಾಲುಗಳಲ್ಲಿ ಮಾತ್ರ ಕಣ್ಣಿನ ತಪ್ಪು ಜಾಸ್ತಿ. ದ-ಧ-ಥ, ಪ-ಷ, ವ-ಮ ಒಂದನ್ನೊಂದು ಹೋಲುತ್ತವೆ. ಅಲ್ಲಿ ಅವಕ್ಕೆ ಕಡಿಮೆ ಬೆಲೆ.

ಜಾರೋ-ವಿಂಕ್ಲರ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೆಸರು ಹೋಲಿಸಲು ಅದೇ ಒಳ್ಳೆಯದು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮ್ಯಾಥ್ಯೂ ಜಾರೋ ಅವರ ಅಳತೆಗೆ ವಿಲಿಯಂ ವಿಂಕ್ಲರ್ 1990ರಲ್ಲಿ ಒಂದು ಬೋನಸ್ ಸೇರಿಸಿದರು: ಶುರುವಿನ ನಾಲ್ಕು ಅಕ್ಷರದವರೆಗೆ ಕೂಡಿದರೆ ಜಾಸ್ತಿ ಅಂಕ. ಅಮೆರಿಕದ ಜನಗಣತಿಯ ಹೆಸರುಗಳಿಗೆ ಅದು ಸರಿ. ಬಸವ, ಶಿವ, ಸಂಗ, ಸಿದ್ದ, ಮಲ್ಲ ಎಂದು ಶುರುವಾಗುವ ಹೆಸರುಗಳೇ ತುಂಬಿದ ನಮ್ಮ ಪಟ್ಟಿಯಲ್ಲಿ ಬಸವರಾಜ, ಬಸವಂತ, ಬಸವಣ್ಣ ಎಲ್ಲರಿಗೂ ಆ ಬೋನಸ್ ಸಿಗುತ್ತದೆ. ನಮಗೆ ಅದು ಬೇಡ.

ಎನ್-ಗ್ರಾಂ ಊರಿನ ಹೆಸರಿಗೆ ಸ್ವಲ್ಪ ಸಹಾಯಕ. ಪದವನ್ನು ಎರಡೆರಡು ತುಂಡಿನ ಜೋಡಿಗಳಾಗಿ ಮಾಡಿ, ಎಷ್ಟು ಜೋಡಿ ಕೂಡುತ್ತವೆ ಎಂದು ನೋಡುವುದು. ಬಸವನ ಬಾಗೇವಾಡಿಯನ್ನು ಯಾರೋ ಬರೀ ಬಾಗೇವಾಡಿ ಎಂದು ಬರೆದಿದ್ದರೆ ಲೆವೆನ್‌ಸ್ಟೈನ್ ಅಂತರ 5. ಎನ್-ಗ್ರಾಂನಲ್ಲಿ ಡೈಸ್ ಸೂತ್ರದ ಪ್ರಕಾರ (ಕೂಡಿದ ಜೋಡಿಗಳ ಎರಡರಷ್ಟನ್ನು ಎರಡೂ ಪದಗಳ ಒಟ್ಟು ಜೋಡಿಗಳಿಂದ ಭಾಗಿಸುವುದು) 0.74 ಹೋಲಿಕೆ ಬರುತ್ತದೆ, ಹತ್ತಿರ ಎಂದು ಗೊತ್ತಾಗುತ್ತದೆ. ಆದರೆ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಗೆ 0.78! ನಿಮ್ಮ ಸಂಘದ ವ್ಯಾಪ್ತಿಯಲ್ಲಿ ಎರಡರಲ್ಲಿ ಯಾವುದಿದೆ ಎಂಬುದು ನಿಮಗೆ ಗೊತ್ತು, ಸೂತ್ರಕ್ಕೆ ಗೊತ್ತಿಲ್ಲ.

ಅದಕ್ಕೇ ಊರಿನ ಕಾಲಂನಲ್ಲಿ ಸಾಲನ್ನು ಸಾಲಿನ ಜೊತೆ ಹೋಲಿಸಲೇಬೇಡಿ. ಊರುಗಳ ಅಧಿಕೃತ ಪಟ್ಟಿ ಇದೆ. 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ 6 ಅಂಕಿಯ ಕೋಡ್ ಇದೆ, ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲೂ ಕೋಡ್ ಇದೆ. ನಿಮ್ಮ ತಾಲ್ಲೂಕು ಮತ್ತು ಅಕ್ಕಪಕ್ಕದ ತಾಲ್ಲೂಕುಗಳ ಊರು ಮಾತ್ರ ತೆಗೆದುಕೊಂಡು, ಪಟ್ಟಿಯ ಪ್ರತಿ ಊರನ್ನೂ ಅದಕ್ಕೆ ಹೊಂದಿಸಿ. ಬಿಜಾಪುರ-ವಿಜಯಪುರದಂಥವಕ್ಕೆ ಯಾವ ಅಳತೆಯೂ ಬೇಡ. 2014ರ ನವೆಂಬರ್ 1ರಂದು ಅಧಿಕೃತವಾಗಿ ಹೆಸರು ಬದಲಾದ 12 ನಗರಗಳಲ್ಲಿ ಅದೂ ಒಂದು, ಬೆಳಗಾವಿಯೂ ಒಂದು. ಹಳೆಯ ಹೆಸರು, ಹೊಸ ಹೆಸರು ಎಂದು ಎರಡು ಕಾಲಂನ ಚಿಕ್ಕ ಕೋಷ್ಟಕ ಸಾಕು.

ಊರನ್ನು ಮೊದಲು ಸರಿಮಾಡಿ ಎನ್ನಲು ಇನ್ನೊಂದು ಕಾರಣ ಲೆಕ್ಕದ್ದು. 5,000 ಹೆಸರುಗಳನ್ನು ಎಲ್ಲರ ಜೊತೆ ಎಲ್ಲರನ್ನೂ ಹೋಲಿಸಿದರೆ ಸುಮಾರು 1.25 ಕೋಟಿ ಜೋಡಿ. ಅದೇ 25 ಊರುಗಳಲ್ಲಿ ತಲಾ 200 ಜನ ಎಂದುಕೊಂಡು ಊರೊಳಗೆ ಮಾತ್ರ ಹೋಲಿಸಿದರೆ 5 ಲಕ್ಷಕ್ಕೂ ಕಡಿಮೆ. ಕಂಪ್ಯೂಟರಿಗೆ ಎರಡೂ ಕಷ್ಟವಲ್ಲ. ಆದರೆ ಸುಳ್ಳು ಜೋಡಿಗಳನ್ನು ಕೂತು ನೋಡಬೇಕಾದವರು ನೀವು.

ಹೆಸರಿನ ಕಾಲಂನಲ್ಲಿ ಇನ್ನೊಂದು ದೊಡ್ಡ ಅಪಾಯ ಇದೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಕೆಲವು ಪಟ್ಟಿಗಳಲ್ಲಿ ಅಡ್ಡಹೆಸರು ಮೊದಲು, ಕೆಲವುದರಲ್ಲಿ ಕೊನೆಗೆ ಇರುತ್ತದೆ. ಇದಕ್ಕೆ ಪರಿಹಾರವೆಂದು ಹಲವು ಉಪಕರಣಗಳು ಕೊಡುವುದು ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುವ ಕ್ರಮವನ್ನು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುತ್ತೇವೆ. ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತೇವೆ. ಸಂಗಪ್ಪ ಮಲ್ಲಪ್ಪ ಬಿರಾದಾರ ತಂದೆ, ಮಲ್ಲಪ್ಪ ಸಂಗಪ್ಪ ಬಿರಾದಾರ ಮಗ. ಅಕಾರಾದಿ ಜೋಡಿಸಿದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ, ಹೋಲಿಕೆ ನೂರಕ್ಕೆ ನೂರು! ತಂದೆಯ ಸಾಲ ಮಗನ ಲೆಕ್ಕಕ್ಕೆ ಬಿತ್ತು ಎಂದರೆ ಅದು ಸಣ್ಣ ವಿಷಯವಲ್ಲ. ಮೊಮ್ಮಗನಂತೂ ಮತ್ತೆ ಸಂಗಪ್ಪ ಮಲ್ಲಪ್ಪ ಬಿರಾದಾರ. ಅಜ್ಜನ ಹೆಸರಿಗೂ ಅವನ ಹೆಸರಿಗೂ ಒಂದು ಚುಕ್ಕೆ ವ್ಯತ್ಯಾಸ ಇಲ್ಲ. ಯಾವ ಅಳತೆಯೂ ಅವರಿಬ್ಬರನ್ನು ಬೇರೆ ಮಾಡಲಾರದು, ಸದಸ್ಯರಾದ ವರ್ಷ ಮತ್ತು ವಯಸ್ಸು ಮಾತ್ರ ಮಾಡಬಲ್ಲವು.

ಆದ್ದರಿಂದ ಹೆಸರನ್ನು ಮೂರು ಕಾಲಂ ಆಗಿ ಒಡೆಯಿರಿ. ಅಡ್ಡಹೆಸರಿನ ಒಂದು ಪಟ್ಟಿ ಮಾಡಿಕೊಂಡರೆ ಅದು ಮುಂದಿದ್ದರೂ ಹಿಂದಿದ್ದರೂ ಗುರುತಿಸಿ ತೆಗೆಯಬಹುದು. ಉಳಿದ ಎರಡರ ಕ್ರಮವನ್ನು ಮುಟ್ಟಬೇಡಿ. ಹೆಸರನ್ನು ಹೆಸರಿನ ಜೊತೆ, ತಂದೆಯ ಹೆಸರನ್ನು ತಂದೆಯ ಹೆಸರಿನ ಜೊತೆ ಹೋಲಿಸಿ.

ಬೆಳೆಯ ಕಾಲಂಗೆ ಇಲ್ಲಿಯವರೆಗೆ ಹೇಳಿದ್ದು ಯಾವುದೂ ಸಾಲದು. ಶೇಂಗಾ-ಸೇಂಗಾ, ನಿಂಬೆ-ಲಿಂಬೆ-ಲಿಂಬಿ ಇವು ಬರಹದ ವ್ಯತ್ಯಾಸ, ಹತ್ತಿರ ಬರುತ್ತವೆ. ಆದರೆ ಗೋವಿನಜೋಳ ಮತ್ತು ಮೆಕ್ಕೆಜೋಳ ಒಂದೇ ಬೆಳೆ, ಗೋವಿನಜೋಳ ಮತ್ತು ಬಿಳಿಜೋಳ ಬೇರೆ ಬೆಳೆ. ಅಕ್ಷರ ನೋಡುವ ವಿಧಾನಕ್ಕೆ ಮೂರರಲ್ಲೂ ಕಾಣುವುದು ಅದೇ 'ಜೋಳ'. ಕಡಲೆ ಬೇರೆ, ಕಡಲೆಕಾಯಿ ಬೇರೆ. ಕಡಲೆಕಾಯಿ ಎಂದರೆ ನಮ್ಮ ಶೇಂಗಾ, ಆದರೆ ಅಕ್ಷರದಲ್ಲಿ ಅದು ಕಡಲೆಗೆ ಹತ್ತಿರ. ಉಳ್ಳಾಗಡ್ಡಿ ಮತ್ತು ಈರುಳ್ಳಿ ಒಂದೇ ಎಂದು ಯಾವ ಅಂತರದಿಂದ ತಿಳಿಯಬೇಕು?

ಅರ್ಥದ ಹೋಲಿಕೆ ಹುಡುಕುವ ವಿಧಾನಗಳಿವೆ. 2013ರಲ್ಲಿ ಗೂಗಲ್‌ನವರ ವರ್ಡ್‌ಟುವೆಕ್ ಬಂತು, ನಂತರ ಫೇಸ್‌ಬುಕ್‌ನವರ ಫಾಸ್ಟ್‌ಟೆಕ್ಸ್ಟ್. ಫಾಸ್ಟ್‌ಟೆಕ್ಸ್ಟ್‌ನಲ್ಲಿ ಕನ್ನಡಕ್ಕೂ ಸಿದ್ಧ ಮಾದರಿ ಸಿಗುತ್ತದೆ. ಒಂದೇ ತರದ ವಾಕ್ಯಗಳಲ್ಲಿ ಬರುವ ಪದಗಳು ಹತ್ತಿರದವು ಎಂಬುದು ಇವುಗಳ ಆಧಾರ. ಹುಡುಕಾಟಕ್ಕೆ, ಲೇಖನಗಳ ವಿಂಗಡಣೆಗೆ ಇವು ಚೆನ್ನ. ಹೊಲ, ಹೊಲದಲ್ಲಿ, ಹೊಲಕ್ಕೆ ಎಂಬ ರೂಪಗಳನ್ನು ಫಾಸ್ಟ್‌ಟೆಕ್ಸ್ಟ್ ಚೆನ್ನಾಗಿ ಹತ್ತಿರ ತರುತ್ತದೆ. ಆದರೆ ತೊಗರಿ, ಕಡಲೆ ಎರಡೂ ಒಂದೇ ತರದ ವಾಕ್ಯದಲ್ಲಿ ಬರುತ್ತವೆ. ಬಿತ್ತನೆ, ರಾಶಿ, ಬೆಲೆ, ಬೆಂಬಲ ಬೆಲೆ. ಹಾಗಾಗಿ ಅವೂ ಹತ್ತಿರವೇ. ಹೆಚ್ಚು-ಕಡಿಮೆಯಂಥ ವಿರುದ್ಧ ಪದಗಳೂ ಹತ್ತಿರ ಬರುತ್ತವೆ. ನಿಮಗೆ ಬೇಕಾದದ್ದು 'ಸಂಬಂಧ ಇದೆ' ಎಂಬ ಉತ್ತರ ಅಲ್ಲ, 'ಅದೇ ಬೆಳೆ' ಎಂಬ ಉತ್ತರ. ಒಂದು ಸಂಘದ ವ್ಯಾಪ್ತಿಯಲ್ಲಿ ಬೆಳೆಯುವುದು ಹತ್ತಾರು ಬೆಳೆ. ಅನುಭವಿ ರೈತರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಷ್ಟಕ ಬರೆದುಬಿಡಿ. ಒಂದು ಮಧ್ಯಾಹ್ನದ ಕೆಲಸ, ಮತ್ತು ಅದು ಯಾವ ಮಾದರಿಗಿಂತಲೂ ಸರಿಯಾಗಿರುತ್ತದೆ.

ಎಐ ಚಾಟ್ ಸೇವೆಗಳನ್ನು ನಾನು ಈ ಕೋಷ್ಟಕಕ್ಕೆ ಮಾತ್ರ ಬಳಸಿ ಎನ್ನುತ್ತೇನೆ. 'ಶೇಂಗಾಕ್ಕೆ ಬೇರೆ ಕಡೆ ಏನೆನ್ನುತ್ತಾರೆ' ಎಂದು ಕೇಳಿ, ಬಂದದ್ದನ್ನು ರೈತರಿಗೆ ತೋರಿಸಿ. ಸದಸ್ಯರ ಹೆಸರು, ಊರು, ಸಾಲ ಇರುವ ಪಟ್ಟಿಯನ್ನು ಹೊರಗಿನ ಸೇವೆಗೆ ಹಾಕಬೇಡಿ. ಅದು ಜನರ ಖಾಸಗಿ ಮಾಹಿತಿ, ಅದನ್ನು ಕಾಯುವುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಅದಲ್ಲದೆ ಇದೇ ಜೋಡಿಯನ್ನು ಎರಡು ಸಲ ಕೇಳಿದರೆ ಎರಡು ಉತ್ತರ ಬರಬಹುದು. ಕೀಲಿ ಮತ್ತು ತೂಕದ ವಿಧಾನದಲ್ಲಿ ಹಾಗಾಗುವುದಿಲ್ಲ. ನಾಳೆ ಸದಸ್ಯರೊಬ್ಬರು ಬಂದು 'ನನ್ನ ಹೆಸರು ಇವರ ಜೊತೆ ಯಾಕೆ ಸೇರಿಸಿದಿರಿ' ಎಂದು ಕೇಳಿದರೆ, ಯಾವ ಅಕ್ಷರಕ್ಕೆ ಎಷ್ಟು ಬೆಲೆ ಹಾಕಿದ್ದೆವು ಎಂದು ಕಾಗದದ ಮೇಲೆ ತೋರಿಸಬಹುದು.

ಪ್ರೋಗ್ರಾಮಿಂಗ್ ಬರದಿದ್ದರೂ ಶುರು ಮಾಡಬಹುದು. ಓಪನ್‌ರಿಫೈನ್ ಎಂಬ ತಂತ್ರಾಂಶ ಉಚಿತ, ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಪಟ್ಟಿ ಹೊರಗೆ ಹೋಗುವುದಿಲ್ಲ. ಅದರಲ್ಲಿ ಕ್ಲಸ್ಟರ್ ಎಂಬ ಸೌಲಭ್ಯ ಇದೆ. ನಿಯರೆಸ್ಟ್ ನೇಬರ್, ಲೆವೆನ್‌ಸ್ಟೈನ್ ಎಂದು ಆರಿಸಿ, ರೇಡಿಯಸ್ 1ರಿಂದ ಶುರು ಮಾಡಿ. ಊರಿನ ಕಾಲಂ ಮೇಲೆ ಮೊದಲು ಮಾಡಿ ನೋಡಿದರೆ ಕೈ ಕೂರುತ್ತದೆ. ಕೀಲಿ ಮತ್ತು ತೂಕಕ್ಕೆ ಪೈಥಾನ್ ಬೇಕಾಗುತ್ತದೆ, ಕಂಪ್ಯೂಟರ್ ಕಲಿಯುತ್ತಿರುವ ಕಾಲೇಜು ಹುಡುಗರು ಯಾರಾದರೂ ಮಾಡಿಕೊಟ್ಟಾರು.

ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಊಹಿಸಬೇಡಿ. ಒಂದು ಊರಿನ 200 ಸಾಲುಗಳನ್ನು ಊರು ಬಲ್ಲವರ ಜೊತೆ ಕೂತು ಕೈಯಿಂದಲೇ ಹೊಂದಿಸಿ. ಆಮೇಲೆ ಅದೇ 200ರ ಮೇಲೆ ವಿಧಾನ ಓಡಿಸಿ ಎರಡು ಎಣಿಕೆ ಮಾಡಿ: ನಿಜವಾದ ಜೋಡಿಗಳಲ್ಲಿ ಎಷ್ಟನ್ನು ಬಿಟ್ಟಿತು, ತೋರಿಸಿದ ಜೋಡಿಗಳಲ್ಲಿ ಎಷ್ಟು ಸುಳ್ಳು. ಇವೆರಡೂ ಸಮ ತಪ್ಪಲ್ಲ. ಒಬ್ಬರೇ ಎರಡು ಕಡೆ ಉಳಿದರೆ ಮುಂದಿನ ವರ್ಷ ಸರಿಮಾಡಬಹುದು. ಇಬ್ಬರನ್ನು ಒಬ್ಬರಾಗಿ ಮಾಡಿದರೆ ಒಬ್ಬರ ಷೇರು ಇನ್ನೊಬ್ಬರಿಗೆ ಹೋಗುತ್ತದೆ. ಗೆರೆಯನ್ನು ಬಿಗಿಯಾಗಿಯೇ ಎಳೆಯಿರಿ. ತೂಕದ ಅಂತರ 0.3 ಅಥವಾ ಅದಕ್ಕಿಂತ ಕಡಿಮೆ ಇದ್ದು, ತಂದೆಯ ಹೆಸರು, ಊರು ಎರಡೂ ಕೂಡಿದರೆ ಬಹುಮಟ್ಟಿಗೆ ಒಬ್ಬರೇ ಎಂದು ಗುರುತು ಹಾಕಿ. 0.3 ದಾಟಿ 1ರವರೆಗೆ ಅನುಮಾನದ ಪಟ್ಟಿ. ಅದನ್ನು ಸರ್ವಸಾಧಾರಣ ಸಭೆಗೆ ಮೊದಲು ಊರೂರಿಗೆ ಕಳಿಸಿ, ಸದಸ್ಯರಿಂದಲೇ ಕೇಳಿ ತಿಳಿಯಿರಿ.

ಮೂಲ ಕಾಲಂನಲ್ಲಿರುವ ಬರಹವನ್ನು ಮಾತ್ರ ಯಾವತ್ತೂ ತಿದ್ದಬೇಡಿ. ತೊಳೆದ ರೂಪಕ್ಕೆ ಒಂದು ಹೊಸ ಕಾಲಂ, ಕೀಲಿಗೆ ಒಂದು, ಸೇರಿಸಿದ ಸದಸ್ಯ ಸಂಖ್ಯೆಗೆ ಒಂದು, ಯಾರು ಯಾವ ದಿನ ಒಪ್ಪಿದರು ಎಂಬುದಕ್ಕೆ ಒಂದು. ಲೆಡ್ಜರಿನಲ್ಲಿ 'ಬಿಮಪ್ಪ' ಎಂದಿದ್ದರೆ ಪಟ್ಟಿಯಲ್ಲೂ ಅದು ಬಿಮಪ್ಪ ಎಂದೇ ಉಳಿಯಲಿ, ಪಕ್ಕದ ಕಾಲಂನಲ್ಲಿ ಭೀಮಪ್ಪ ಇರಲಿ. ಜೋಡಿ ತಪ್ಪು ಎಂದು ಗೊತ್ತಾದ ದಿನ ಬಿಡಿಸಲು ಆ ಮೂಲ ಬರಹ ಬೇಕಾಗುತ್ತದೆ.